ಸಂಕಲ್ಪವಿದ್ದರೆ ಸಿದ್ಧತೆ ಎಲ್ಲಿ?

ಇಶಾ ನಮಾಝಿನ ಬಳಿಕ ಮಸೀದಿಯ ಜಗಲಿಯಲ್ಲಿ ನಡೆಯುವ ಮಾತುಕತೆಗಳಿಗೆ ಸ್ವಲ್ಪ ಕಿವಿಗೊಟ್ಟು ನೋಡಿ. ಒಬ್ಬರು ಮುಂದಿನ ರಮಝಾನ್ ಬರುವುದರೊಳಗೆ ಕುರ್‌ಆನನ್ನು ತಜ್ವೀದ್ ಸಹಿತ ಓದಲು ಕಲಿತೇ ತೀರುತ್ತೇನೆ ಎನ್ನುತ್ತಾರೆ. ಮತ್ತೊಬ್ಬರು ಗಲ್ಫ್‌ನಲ್ಲಿ ಇನ್ನೆರಡು ವರ್ಷ ದುಡಿದು, ಊರಿಗೆ ಮರಳಿ ಸ್ವಂತ ಅಂಗಡಿ ತೆರೆಯುವ ಯೋಜನೆಯನ್ನು ವಿವರಿಸುತ್ತಾರೆ. ಅದೇ ಯೋಜನೆಯನ್ನು ಅವರು ಕಳೆದ ರಜೆಯಲ್ಲೂ, ಅದರ ಹಿಂದಿನ ರಜೆಯಲ್ಲೂ ವಿವರಿಸಿದ್ದರು. ಮೂರನೆಯವರಿಗೆ ಊರಿನ ಮಕ್ಕಳಿಗಾಗಿ ಒಂದು ಗ್ರಂಥಾಲಯ ಮಾಡಬೇಕೆಂಬ ಹಂಬಲ. ಮನೆಯೊಳಗಿನ ಮಾತೂ ಇದಕ್ಕಿಂತ ಬೇರೆಯಲ್ಲ. ಮಗಳನ್ನು ಪಿಯುಸಿಯ ನಂತರವೂ ಓದಿಸಬೇಕು, ಸಾಲ ತೀರಿಸಿ ಹಜ್ಜ್‌ಗೆ ಹೋಗಬೇಕು, ಮುರಿದುಬಿದ್ದ ಅಣ್ಣನ ಮನೆಯ ಸಂಬಂಧವನ್ನು ಒಮ್ಮೆ ಹೋಗಿ ಸರಿಪಡಿಸಬೇಕು. ಮಾತು ಮುಗಿಯುತ್ತದೆ, ದೀಪ ಆರುತ್ತದೆ, ಎಲ್ಲರೂ ಮಲಗುತ್ತಾರೆ.

ಈ ಆಸೆಗಳಲ್ಲಿ ಕೆಟ್ಟದ್ದು ಯಾವುದೂ ಇಲ್ಲವೆಂಬುದನ್ನು ಮೊದಲು ಹೇಳಬೇಕು. ದೊಡ್ಡದನ್ನು ಬಯಸುವುದನ್ನು ಇಸ್ಲಾಮ್ ನಿರಾಕರಿಸಿಲ್ಲ. ಧರ್ಮನಿಷ್ಠರಿಗೆ ನಾಯಕರಾಗುವ ಭಾಗ್ಯವನ್ನು ಬೇಡುವ ಪ್ರಾರ್ಥನೆಯನ್ನು ಕುರ್‌ಆನ್ ಸೂರಃ ಅಲ್‌ಫುರ್ಕಾನ್‌ನಲ್ಲಿ ಕಲಿಸಿಕೊಟ್ಟಿದೆ. ಪ್ರವಾದಿ ಯೂಸುಫ್(ಅ) ಈಜಿಪ್ಟಿನ ಅರಸನೊಡನೆ ದೇಶದ ಭಂಡಾರಗಳ ಹೊಣೆಯನ್ನು ತಾವಾಗಿಯೇ ಕೇಳಿದರು. ಆದರೆ ಹಾಗೆ ಕೇಳುವುದಕ್ಕಿಂತ ಮೊದಲೇ ಅವರ ಬಳಿ ಯೋಜನೆ ಸಿದ್ಧವಿತ್ತು: ಏಳು ವರ್ಷ ಎಡೆಬಿಡದೆ ಬೇಸಾಯ ಮಾಡಬೇಕು, ತಿನ್ನಲು ಬೇಕಾದಷ್ಟನ್ನು ಮಾತ್ರ ಬೇರ್ಪಡಿಸಿ ಉಳಿದ ಧಾನ್ಯವನ್ನು ತೆನೆಯಲ್ಲೇ ಬಿಡಬೇಕು, ಬಳಿಕ ಬರುವ ಏಳು ಬರಗಾಲದ ವರ್ಷಗಳಿಗೆ ಅದು ಒದಗಬೇಕು. ಕನಸು ಅರಸನದಾಗಿತ್ತು, ಕೆಲಸದ ವಿವರ ಯೂಸುಫ್(ಅ)ರದ್ದಾಗಿತ್ತು.

ಆದುದರಿಂದ ಇಲ್ಲಿ ಚರ್ಚಿಸಬೇಕಾದುದು ಆಸೆಯ ಬಗ್ಗೆಯಲ್ಲ. ಮಾತು ಕೃತಿಗಿಂತ ಬಹಳ ಮುಂದೆ ಓಡಿಬಿಡುವ ರೋಗದ ಬಗ್ಗೆ.

ಸೂರಃ ಅಸ್ಸಫ್ಫ್‌ನ ಪ್ರಾರಂಭದಲ್ಲೇ ಅಲ್ಲಾಹನು ಸತ್ಯವಿಶ್ವಾಸಿಗಳನ್ನು ಕರೆದು, ತಾವು ಮಾಡದಿರುವುದನ್ನು ಯಾಕೆ ಆಡುತ್ತೀರಿ ಎಂದು ಪ್ರಶ್ನಿಸುತ್ತಾನೆ. ಅದು ತನ್ನ ಬಳಿ ಅತ್ಯಂತ ಕ್ರೋಧಕ್ಕೆ ಕಾರಣವಾಗುವ ಸಂಗತಿಯೆಂದೂ ತಿಳಿಸುತ್ತಾನೆ. ಇದರ ಹಿನ್ನೆಲೆಯನ್ನು ಹ. ಅಬ್ದುಲ್ಲಾ ಬಿನ್ ಸಲಾಮ್(ರ) ವಿವರಿಸಿದ್ದು, ಇಮಾಮ್ ತಿರ್ಮಿದಿ ಅದನ್ನು ದಾಖಲಿಸಿದ್ದಾರೆ. ಕೆಲವು ಸಹಾಬಿಗಳು ಒಂದೆಡೆ ಕುಳಿತು ಮಾತನಾಡುತ್ತಿದ್ದರು. ಅಲ್ಲಾಹನಿಗೆ ಅತಿ ಪ್ರಿಯವಾದ ಕರ್ಮ ಯಾವುದೆಂದು ಗೊತ್ತಾಗಿದ್ದರೆ ನಾವು ಅದನ್ನೇ ಮಾಡುತ್ತಿದ್ದೆವು ಎಂಬುದು ಅವರ ಮಾತಿನ ಸಾರ. ಆಗ ಈ ಸೂರಃ ಅವತೀರ್ಣವಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಕೂಟದಲ್ಲಿ ಯಾರೂ ಪರನಿಂದೆ ಮಾಡುತ್ತಿರಲಿಲ್ಲ, ಸುಳ್ಳೂ ಆಡುತ್ತಿರಲಿಲ್ಲ. ಒಳ್ಳೆಯ ಜನರು ಒಳ್ಳೆಯ ವಿಷಯವನ್ನೇ ಮಾತನಾಡುತ್ತಿದ್ದರು. ಎಚ್ಚರಿಕೆ ಬಂದದ್ದು ಅಂಥವರಿಗೇ.

ಅರಬಿ ವ್ಯಾಕರಣ ಕಲಿತವರಿಗೆ 'ಸೌಫ' ಎಂಬ ಪದದ ಪರಿಚಯವಿರುತ್ತದೆ. ಕ್ರಿಯಾಪದದ ಮುಂದೆ ಅದನ್ನು ಇಟ್ಟರೆ ಕೆಲಸ ಭವಿಷ್ಯಕ್ಕೆ ಸರಿಯುತ್ತದೆ. ಈ 'ಸೌಫ'ದಿಂದಲೇ ನಮ್ಮ ಪೂರ್ವಿಕ ವಿದ್ವಾಂಸರು 'ತಸ್ವೀಫ್' ಎಂಬ ಪದವನ್ನು ಬಳಸಿದರು. 'ಮಾಡುವೆ, ಮಾಡುವೆ' ಎನ್ನುತ್ತಾ ದಿನ ದೂಡುವ ಚಾಳಿಗೆ ಅದು ಹೆಸರು. ನಮ್ಮ ಕನ್ನಡವಂತೂ ಈ ವಿಷಯದಲ್ಲಿ ಇನ್ನಷ್ಟು ಉದಾರಿ! ಪುಸ್ತಕದಲ್ಲಿ 'ಮಾಡುವೆನು' ಎಂಬ ಭವಿಷ್ಯತ್ಕಾಲವಿದ್ದರೂ ದಿನನಿತ್ಯದ ಮಾತಿನಲ್ಲಿ ವರ್ತಮಾನಕ್ಕೂ ಭವಿಷ್ಯಕ್ಕೂ 'ಮಾಡುತ್ತೇನೆ' ಎಂಬ ಒಂದೇ ರೂಪ ಸಾಕಾಗುತ್ತದೆ. 'ನಾನು ಕುರ್‌ಆನ್ ಓದುತ್ತೇನೆ' ಎಂದವನು ಈಗ ದಿನಾಲೂ ಓದುತ್ತಿದ್ದಾನೋ, ಎಂದಾದರೊಂದು ದಿನ ಓದಲಿದ್ದಾನೋ ಎಂಬುದನ್ನು ಅವನ ಹೆಂಡತಿ ಮಕ್ಕಳೇ ಹೇಳಬೇಕು. ಆಡದೆ ಮಾಡುವವರು, ಆಡಿ ಮಾಡುವವರು, ಆಡಿಯೂ ಮಾಡದವರು ಎಂದು ಸರ್ವಜ್ಞನು ಜನರನ್ನು ವಿಂಗಡಿಸಿದ್ದನ್ನು ನಾವೆಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿ ಅಂಕ ಗಳಿಸಿದವರೇ.

ಈ ವಿಷಯವನ್ನು ಅರಿಯಲು ಹ. ಕಅಬ್ ಬಿನ್ ಮಾಲಿಕ್(ರ)ರ ವೃತ್ತಾಂತಕ್ಕಿಂತ ಮಿಗಿಲಾದ ಪಾಠ ನನಗೆ ಕಂಡಿಲ್ಲ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಅದು ದೀರ್ಘವಾಗಿ, ಅವರದೇ ಬಾಯಿಯಿಂದ ಬಂದಿದೆ. ಸಾಮಾನ್ಯವಾಗಿ ನಮ್ಮ ಉಪನ್ಯಾಸಗಳಲ್ಲಿ ಅದರ ಎರಡನೆಯ ಭಾಗವನ್ನು, ಅಂದರೆ ಬಹಿಷ್ಕಾರ ಮತ್ತು ತೌಬಾದ ಭಾಗವನ್ನು, ಕಣ್ಣೀರು ಬರುವಂತೆ ವಿವರಿಸಲಾಗುತ್ತದೆ. ಮೊದಲ ಭಾಗವನ್ನು ಅವಸರದಲ್ಲಿ ದಾಟಿಬಿಡುತ್ತಾರೆ. ನಮಗೆ ಬೇಕಾದುದು ಆ ಮೊದಲ ಭಾಗ.

ಹಿಜ್ರಿ 9ನೇ ವರ್ಷ, ಅಂದರೆ ಕ್ರಿ.ಶ. 630. ರೋಮನ್ ಸಾಮ್ರಾಜ್ಯದ ಗಡಿಯತ್ತ ತಬೂಕ್‌ಗೆ ಹೊರಡಬೇಕೆಂದು ಪ್ರವಾದಿ(ಸ) ಕರೆ ನೀಡಿದರು. ಸಾಮಾನ್ಯವಾಗಿ ಅವರು ಯುದ್ಧಯಾತ್ರೆಯ ಗುರಿಯನ್ನು ಗುಟ್ಟಾಗಿಡುತ್ತಿದ್ದರು. ಈ ಬಾರಿ ದಾರಿ ದೂರ, ಬಿಸಿಲು ವಿಪರೀತ, ಶತ್ರುಗಳು ಬಹುಸಂಖ್ಯಾತರು. ಆದ್ದರಿಂದ ಜನರು ತಕ್ಕ ಸಿದ್ಧತೆ ಮಾಡಿಕೊಳ್ಳಲೆಂದು ಎಲ್ಲವನ್ನೂ ಬಹಿರಂಗವಾಗಿ ತಿಳಿಸಿದರು. ಮದೀನಾದಲ್ಲಿ ಅದು ಹಣ್ಣು ಮಾಗುವ, ನೆರಳು ಹಿತವೆನಿಸುವ ಕಾಲ. ಕಅಬ್(ರ) ಸಾಮಾನ್ಯ ವ್ಯಕ್ತಿಯಲ್ಲ. ಹಿಜ್ರತ್‌ಗಿಂತ ಮುಂಚೆ ಅಕಬಾದಲ್ಲಿ ಪ್ರವಾದಿ(ಸ)ರ ಕೈಹಿಡಿದು ಪ್ರತಿಜ್ಞೆ ಮಾಡಿದವರು, ಇಸ್ಲಾಮಿನ ಪರವಾಗಿ ಕಾವ್ಯ ರಚಿಸಿದ ಕವಿ. ತಬೂಕ್‌ಗೆ ಮುಂಚೆ ಅವರು ಪಾಲ್ಗೊಳ್ಳದ ಯುದ್ಧವೆಂದರೆ ಬದ್ರ್ ಒಂದೇ, ಅದಕ್ಕಾಗಿ ಯಾರನ್ನೂ ಆಕ್ಷೇಪಿಸಿರಲಿಲ್ಲ. ತಬೂಕ್‌ನ ಸಮಯದಲ್ಲಿ ತಾವು ಹಿಂದೆಂದೂ ಇಲ್ಲದಷ್ಟು ಸಶಕ್ತರೂ ಅನುಕೂಲಸ್ಥರೂ ಆಗಿದ್ದೆವೆಂದು ಅವರೇ ಹೇಳುತ್ತಾರೆ. ಅದಕ್ಕೆ ಮೊದಲು ಎರಡು ಸವಾರಿಯ ಒಂಟೆಗಳು ಒಟ್ಟಿಗೆ ಅವರ ಬಳಿ ಇದ್ದದ್ದೇ ಇಲ್ಲ. ಆಗ ಎರಡಿದ್ದವು.

ಎಲ್ಲರೂ ಸಿದ್ಧತೆಯಲ್ಲಿ ತೊಡಗಿದರು. ಕಅಬ್(ರ) ಸಹ ಬೆಳಿಗ್ಗೆ ಸಿದ್ಧತೆಗೆಂದೇ ಮನೆಯಿಂದ ಹೊರಡುತ್ತಿದ್ದರು. ಸಂಜೆ ಏನೂ ಮಾಡದೆ ಮರಳುತ್ತಿದ್ದರು. ಬೇಕೆಂದಾಗ ಮಾಡಬಲ್ಲೆ, ನನಗೆ ಸಾಮರ್ಥ್ಯವಿದೆಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಹೀಗೆಯೇ ದಿನಗಳು ಉರುಳಿದವು. ಒಂದು ಗುರುವಾರ ಸೈನ್ಯ ಹೊರಟೇಹೋಯಿತು. ಒಂದೆರಡು ದಿನದಲ್ಲಿ ಸಿದ್ಧನಾಗಿ ಹಿಂದಿನಿಂದ ಸೇರಿಕೊಳ್ಳುತ್ತೇನೆ ಎಂದುಕೊಂಡರು. ಮರುದಿನವೂ ಏನೂ ಆಗಲಿಲ್ಲ, ಅದರ ಮರುದಿನವೂ ಆಗಲಿಲ್ಲ. ಸೈನ್ಯ ಬಹುದೂರ ಸಾಗಿತ್ತು. ಆಗಲಾದರೂ ಹೊರಟುಬಿಡೋಣವೆಂದು ಯೋಚಿಸಿದರು. ಹಾಗೆ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ವರ್ಷಗಳ ಬಳಿಕವೂ ಹಳಹಳಿಸಿದರು.

ಓದುಗರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಈ ಇಡೀ ಅವಧಿಯಲ್ಲಿ ಕಅಬ್(ರ) ಒಮ್ಮೆಯಾದರೂ ಹೋಗುವುದಿಲ್ಲವೆಂದು ತೀರ್ಮಾನಿಸಿದರೇ? ಇಲ್ಲ. ಪ್ರತಿದಿನವೂ ಹೋಗುತ್ತೇನೆಂದೇ ತೀರ್ಮಾನಿಸಿದ್ದರು. ಅವರನ್ನು ಕಟ್ಟಿಹಾಕಿದ್ದು ಬಡತನವಲ್ಲ, ರೋಗವಲ್ಲ, ಕಪಟವೂ ಅಲ್ಲ. ತನ್ನ ಕೈಯಲ್ಲಿ ಸಾಧ್ಯವಿದೆ ಎಂಬ ಭರವಸೆಯೇ ಅವರ ಕಾಲಿಗೆ ಹಗ್ಗವಾಯಿತು. ಒಂದೇ ಒಂಟೆಯಿದ್ದವನು ಅದರ ಹೊಟ್ಟೆಗೆ ಮೇವು, ಬೆನ್ನಿಗೆ ಜೀನು ಎಂದು ಮೊದಲ ದಿನವೇ ಗಡಿಬಿಡಿ ಮಾಡುತ್ತಾನೆ. ಎರಡಿದ್ದವನಿಗೆ ಅವಸರ ಏಕೆ?

ಮದೀನಾದ ಬೀದಿಗಳಲ್ಲಿ ಈಗ ಅವರಿಗೆ ಕಾಣಿಸುತ್ತಿದ್ದುದು ಎರಡೇ ಬಗೆಯ ಜನರು: ಕಪಟವಿಶ್ವಾಸದ ಆರೋಪ ಹೊತ್ತವರು, ಅಥವಾ ಅಲ್ಲಾಹನು ವಿನಾಯಿತಿ ನೀಡಿದ ದುರ್ಬಲರು. ತಾವು ಈ ಎರಡರಲ್ಲಿ ಯಾವುದಕ್ಕೂ ಸೇರಿದವರಲ್ಲ, ಆದರೂ ಅವರ ನಡುವೆಯೇ ಇದ್ದೇನೆ ಎಂಬ ವ್ಯಥೆ ಅವರನ್ನು ಸುಡತೊಡಗಿತು. ಪ್ರವಾದಿ(ಸ) ಮರಳಿದಾಗ ಎಂಬತ್ತಕ್ಕೂ ಹೆಚ್ಚು ಮಂದಿ ಬಂದು ನೆಪಗಳನ್ನೊಡ್ಡಿ ಆಣೆ ಹಾಕಿದರು. ಪ್ರವಾದಿ(ಸ) ಅವರ ಬಾಹ್ಯ ಮಾತನ್ನು ಸ್ವೀಕರಿಸಿ ಅಂತರಂಗವನ್ನು ಅಲ್ಲಾಹನಿಗೆ ಒಪ್ಪಿಸಿದರು. ವಾಕ್ಚಾತುರ್ಯವಿದ್ದ ಕಅಬ್(ರ) ಮಾತ್ರ ನೆಪ ಹೇಳಲಿಲ್ಲ. ತನಗೆ ಯಾವ ಅಡ್ಡಿಯೂ ಇರಲಿಲ್ಲವೆಂದು ಒಪ್ಪಿಕೊಂಡರು. ಅವರೊಂದಿಗೆ ಹ. ಮುರಾರಾ ಬಿನ್ ರಬೀಅ್(ರ) ಮತ್ತು ಹ. ಹಿಲಾಲ್ ಬಿನ್ ಉಮಯ್ಯಾ(ರ) ಸಹ ಸತ್ಯವನ್ನೇ ನುಡಿದರು. ಐವತ್ತು ದಿನ ಯಾರೂ ಅವರೊಂದಿಗೆ ಮಾತನಾಡಲಿಲ್ಲ. ಬಳಿಕ ಸೂರಃ ಅತ್ತೌಬಃದಲ್ಲಿ ಅವರ ತೌಬಾ ಸ್ವೀಕೃತವಾದ ಶುಭವಾರ್ತೆ ಅವತೀರ್ಣವಾಯಿತು.

ಅದೇ ತಬೂಕ್‌ನಲ್ಲಿ ಇನ್ನೊಬ್ಬರೂ ಹಿಂದುಳಿದಿದ್ದರು. ಅವರು ಹ. ಅಬೂ ಖೈಸಮಾ(ರ). ಪ್ರವಾದಿ(ಸ) ಹೊರಟು ಕೆಲವು ದಿನಗಳಾಗಿದ್ದವು. ಸುಡುಬಿಸಿಲಿನ ಒಂದು ದಿನ ಅವರು ತಮ್ಮ ತೋಟಕ್ಕೆ ಬಂದರು ಎಂದು ಚರಿತ್ರೆಯ ಗ್ರಂಥಗಳು ತಿಳಿಸುತ್ತವೆ. ಅವರ ಇಬ್ಬರು ಪತ್ನಿಯರು ತಂತಮ್ಮ ಚಪ್ಪರಕ್ಕೆ ನೀರು ಚಿಮುಕಿಸಿ, ಕುಡಿಯುವ ನೀರನ್ನು ತಂಪಾಗಿಸಿ, ಊಟ ಸಿದ್ಧಪಡಿಸಿ ಕಾಯುತ್ತಿದ್ದರು. ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿದ ಅವರಿಗೆ ಬಿಸಿಲಲ್ಲಿ, ಬಿಸಿಗಾಳಿಯಲ್ಲಿ ಸಾಗುತ್ತಿರುವ ಪ್ರವಾದಿ(ಸ)ರ ನೆನಪಾಯಿತು. ಇದು ನ್ಯಾಯವಲ್ಲವೆಂದು ಹೇಳಿ, ಚಪ್ಪರದೊಳಗೆ ಕಾಲಿಡದೆ, ಬುತ್ತಿ ಕಟ್ಟಿಸಿಕೊಂಡು ನಿಂತ ಕಾಲಲ್ಲೇ ಹೊರಟರು. ದೂರದಲ್ಲಿ ಬಿಸಿಲ್ಗುದುರೆಯ ನಡುವೆ ಒಂದು ಆಕೃತಿ ಕಂಡಾಗ ಅದು ಅಬೂ ಖೈಸಮಾ ಆಗಿರಲಿ ಎಂದು ಪ್ರವಾದಿ(ಸ) ಹಾರೈಸಿದರು. ಅವರೇ ಆಗಿದ್ದರು.

ಇಬ್ಬರೂ ತಡಮಾಡಿದವರೇ. ಇಬ್ಬರ ಹೃದಯದಲ್ಲೂ ವಿಶ್ವಾಸವಿತ್ತು. ಒಬ್ಬರು ಸಿದ್ಧನಾಗಿ ಹೊರಡುತ್ತೇನೆ ಎಂದುಕೊಂಡರು, ಇನ್ನೊಬ್ಬರು ಹೊರಟು ಸಿದ್ಧರಾದರು.

ಇಷ್ಟು ಹೇಳಿದಾಗ ಕೆಲವರು ಒಂದು ಆಕ್ಷೇಪವೆತ್ತುತ್ತಾರೆ: "ಕರ್ಮಗಳು ನಿಯ್ಯತ್‌ಗೆ ಅನುಸಾರವಾಗಿ ಎಂದು ಹದೀಸ್ ಇದೆಯಲ್ಲ ಉಸ್ತಾದ್? ನಮ್ಮ ನಿಯ್ಯತ್ ಒಳ್ಳೆಯದಿದೆ. ಮಾಡಲಾಗದಿದ್ದರೂ ಪುಣ್ಯ ಸಿಗುವುದಿಲ್ಲವೇ?" ಸಿಗುತ್ತದೆ. ಸತ್ಕರ್ಮವೊಂದನ್ನು ದೃಢವಾಗಿ ಬಯಸಿ ಮಾಡಲಾಗದವನಿಗೂ ಒಂದು ಪುಣ್ಯ ದಾಖಲಾಗುತ್ತದೆ ಎಂದು ಬುಖಾರಿ, ಮುಸ್ಲಿಮ್‌ನ ಹದೀಸ್‌ನಲ್ಲಿದೆ. ಮಾಡಿದವನಿಗೆ ಹತ್ತರಿಂದ ಏಳು ನೂರು ಪಟ್ಟು ಎಂದು ಅದೇ ಹದೀಸ್‌ನಲ್ಲಿರುವುದನ್ನು ಮಾತ್ರ ನಾವು ಮರೆಯುತ್ತೇವೆ. ತಬೂಕ್‌ನಲ್ಲೇ ನಿಯ್ಯತ್‌ನ ಪುಣ್ಯ ಪಡೆದವರೂ ಇದ್ದಾರೆ. ಸವಾರಿಯಿಲ್ಲದ ಕೆಲವು ಬಡವರು ಪ್ರವಾದಿ(ಸ)ರ ಬಳಿಗೆ ಬಂದು ವಾಹನ ಬೇಡಿದರು. ಇಲ್ಲವೆಂದಾಗ ಕಣ್ಣೀರು ಸುರಿಸುತ್ತಾ ಮರಳಿದರು. ಸೂರಃ ಅತ್ತೌಬಃದ 92ನೇ ಸೂಕ್ತ ಅವರನ್ನು ಸ್ಮರಿಸಿದೆ. ಅಡ್ಡಿಯಿದ್ದ ಕಾರಣ ಮದೀನಾದಲ್ಲೇ ಉಳಿದ ಕೆಲವರು, ನಾವು ನಡೆದ ಪ್ರತಿ ಕಣಿವೆಯಲ್ಲೂ ನಮ್ಮ ಜೊತೆಗಿದ್ದರು ಎಂಬ ಅರ್ಥದಲ್ಲಿ ಪ್ರವಾದಿ(ಸ) ಹೇಳಿದರು. ಆ ಬಡವರಲ್ಲಿ ಒಂಟೆ ಇರಲಿಲ್ಲ. ಆದರೆ ಒಂಟೆ ಕೇಳಲು ನಡೆದು ಬರುವ ಕಾಲುಗಳಿದ್ದವು, ಆ ಕಾಲುಗಳನ್ನು ಅವರು ಬಳಸಿದರು. ಮನೆಯಲ್ಲಿ ಕುಳಿತು ವಾಹನದ ಅಭಾವದ ಬಗ್ಗೆ ಚರ್ಚಿಸಲಿಲ್ಲ.

ಇದಕ್ಕೆ ಅಳತೆಗೋಲೊಂದನ್ನು ಅದೇ ಸೂರಃದ 46ನೇ ಸೂಕ್ತದಲ್ಲಿ ಕಾಣಬಹುದು. ಹೊರಡುವ ಇಚ್ಛೆ ನಿಜವಾಗಿ ಇದ್ದಿದ್ದರೆ ಅವರು ಅದಕ್ಕಾಗಿ ಏನಾದರೂ ಸಿದ್ಧತೆ ಮಾಡುತ್ತಿದ್ದರು ಎಂಬುದು ಅದರ ತಾತ್ಪರ್ಯ. ಮಾತು ಕಪಟವಿಶ್ವಾಸಿಗಳ ಕುರಿತಾದದ್ದು ನಿಜ. ಆದರೆ ಅಳತೆಗೋಲು ಎಲ್ಲರ ಮನೆಯ ಬಟ್ಟೆಯನ್ನೂ ಅಳೆಯುತ್ತದೆ. ನಿಯ್ಯತ್ ಹೃದಯದೊಳಗಿನ ವಿಷಯ, ಅದನ್ನು ಯಾರೂ ಕಾಣಲಾರರು. ಸಿದ್ಧತೆ ಕಣ್ಣಿಗೆ ಕಾಣುತ್ತದೆ. ಇಮಾಮ್ ಗಝ್ಝಾಲಿಯವರು ತಮ್ಮ 'ಇಹ್ಯಾ ಉಲೂಮಿದ್ದೀನ್'ನಲ್ಲಿ ನಿರೀಕ್ಷೆಗೂ ಹುಸಿ ಹಂಬಲಕ್ಕೂ ಇರುವ ವ್ಯತ್ಯಾಸವನ್ನು ರೈತನ ಉದಾಹರಣೆಯಿಂದ ವಿವರಿಸಿದ್ದಾರೆ. ಒಳ್ಳೆಯ ನೆಲದಲ್ಲಿ ಒಳ್ಳೆಯ ಬೀಜ ಬಿತ್ತಿ, ನೀರುಣಿಸಿ, ಕಳೆ ಕಿತ್ತು, ಉಳಿದುದನ್ನು ಅಲ್ಲಾಹನಿಗೆ ಬಿಟ್ಟು ಫಸಲಿಗಾಗಿ ಕಾಯುವವನದು ನಿರೀಕ್ಷೆ. ಬಿತ್ತದೆ ಕಾಯುವವನದು ಭ್ರಮೆ. ಮುಂಗಾರು ಬಂದು ಹೋಗುವವರೆಗೂ ಅಟ್ಟದ ಮೇಲಿನ ಬೀಜದ ಮೂಟೆಯನ್ನು ಇಳಿಸದೆ, ದೀಪಾವಳಿಯ ಹೊತ್ತಿಗೆ ಕಣ ಸಾರಿಸಿ ಕುಳಿತವನನ್ನು ನಮ್ಮ ಊರಿನಲ್ಲಿ ಏನೆಂದು ಕರೆಯುತ್ತಾರೆಂದು ಬರೆಯಬೇಕಾಗಿಲ್ಲ.

'ಇನ್ಶಾ ಅಲ್ಲಾಹ್' ಎಂಬ ಪವಿತ್ರ ವಚನಕ್ಕೂ ನಾವು ಅನ್ಯಾಯ ಮಾಡಿದ್ದೇವೆ. ನಾಳೆ ಮಾಡುತ್ತೇನೆ ಎನ್ನುವಾಗ ಅಲ್ಲಾಹನ ಇಚ್ಛೆಯನ್ನು ಸೇರಿಸಿ ಹೇಳಬೇಕೆಂದು ಸೂರಃ ಅಲ್‌ಕಹ್ಫ್‌ನಲ್ಲಿ ಆದೇಶವಿದೆ. ನಾಳೆಗಾಗಿ ಗಟ್ಟಿ ತೀರ್ಮಾನ ಮಾಡಿದವನು ತನ್ನ ಮೇಲೇ ಅತಿಯಾದ ಭರವಸೆ ಇಡದಿರಲಿ ಎಂಬುದಕ್ಕಾಗಿ ಅದು. ನಮ್ಮಲ್ಲಾದರೋ ತೀರ್ಮಾನ ಮಾಡದವನು ತಪ್ಪಿಸಿಕೊಳ್ಳುವ ಕಿಂಡಿಯಾಗಿ ಅದನ್ನು ಬಳಸುತ್ತಾನೆ. ಮಕ್ಕಳು ಇದನ್ನು ಬಹುಬೇಗ ಅರ್ಥಮಾಡಿಕೊಳ್ಳುತ್ತಾರೆ. "ಅಬ್ಬಾ 'ಇನ್ಶಾ ಅಲ್ಲಾಹ್' ಅಂದರು, ಅಂದರೆ ಕೊಡಿಸುವುದಿಲ್ಲ" ಎಂದು ತಂಗಿಗೆ ಹೇಳುವ ಹುಡುಗನಿಗೆ ಈ ವ್ಯಾಖ್ಯಾನವನ್ನು ಕಲಿಸಿದವರು ಯಾರು? ಯಾವ ಮದ್ರಸದ ಪಠ್ಯದಲ್ಲೂ ಅದಿಲ್ಲ.

ಸ್ವಂತ ಹಂಬಲವನ್ನು ಮುಂದೂಡಿದರೆ ನಷ್ಟ ನಮ್ಮದೇ. ಆದರೆ ಹಂಬಲ ಇನ್ನೊಬ್ಬರದಾಗಿದ್ದು ತೀರ್ಮಾನ ನಮ್ಮ ಕೈಯಲ್ಲಿರುವಾಗ ವಿಷಯ ಗಂಭೀರವಾಗುತ್ತದೆ. ಮಗಳು ಕಾಲೇಜಿನ ಅರ್ಜಿ ತಂದು ಮೇಜಿನ ಮೇಲಿಟ್ಟಿದ್ದಾಳೆ. ತಂದೆ ಬೇಡವೆನ್ನುವುದಿಲ್ಲ. "ನೋಡೋಣಮ್ಮಾ, ಮಾಮನನ್ನೂ ಒಮ್ಮೆ ಕೇಳೋಣ" ಎನ್ನುತ್ತಾರೆ. ಮಾಮ ಮಸ್ಕತ್‌ನಲ್ಲಿದ್ದಾರೆ. ಅರ್ಜಿಯ ಕೊನೆಯ ದಿನಾಂಕ ಯಾರ ಮಾಮನಿಗಾಗಿಯೂ ಕಾಯುವುದಿಲ್ಲ. ನಿರಾಕರಿಸದೆಯೇ ಒಂದು ಬಾಗಿಲು ಮುಚ್ಚಿಹೋಯಿತು, ತಂದೆಯ ಮನಸ್ಸಾಕ್ಷಿಯೂ ಹಗುರವಾಗಿ ಉಳಿಯಿತು. ಬೇಡವೆಂದು ಕಾರಣ ಸಹಿತ ಹೇಳಿದ್ದರೆ ಅವಳು ವಾದಿಸುತ್ತಿದ್ದಳು, ಅಜ್ಜಿಯನ್ನು ಕಟ್ಟಿಕೊಂಡು ಒಪ್ಪಿಸುತ್ತಿದ್ದಳು. 'ನೋಡೋಣ' ಎಂಬುದರೊಂದಿಗೆ ವಾದಿಸುವುದು ಹೇಗೆ? ಅಧೀನದಲ್ಲಿರುವವರ ಬಗ್ಗೆ ಪ್ರತಿಯೊಬ್ಬರನ್ನೂ ವಿಚಾರಿಸಲಾಗುವುದು ಎಂಬ ಹದೀಸ್ ನಮಗೆಲ್ಲ ಬಾಯಿಪಾಠವಿದೆ. ಆ ವಿಚಾರಣೆಯಲ್ಲಿ ಮೇಜಿನ ಮೇಲೆ ಉಳಿದ ಆ ಅರ್ಜಿಯೂ ಬರಬಹುದು.

ಹಜ್ಜ್‌ನ ವಿಷಯವೂ ಹೀಗೆಯೇ. ನಮ್ಮ ರಾಜ್ಯದ ಕರಾವಳಿಯಲ್ಲಿ ಹೆಚ್ಚಿನವರು ಶಾಫಿಈಗಳು, ಘಟ್ಟದ ಮೇಲೆ ಹೆಚ್ಚಿನವರು ಹನಫಿಗಳು. ಸಾಮರ್ಥ್ಯ ಬಂದ ಕೂಡಲೇ ಹಜ್ಜ್ ನಿರ್ವಹಿಸಬೇಕೆಂಬುದು ಹನಫಿ ಮದ್‌ಹಬ್‌ನ ಪ್ರಬಲ ಅಭಿಪ್ರಾಯ. ಶಾಫಿಈ ಮದ್‌ಹಬ್‌ನಲ್ಲಿ ಮುಂದೂಡಲು ಅವಕಾಶವಿದೆ, ಇದನ್ನು ಕರಾವಳಿಯ ಹಿರಿಯರು ಬಹಳ ಖುಷಿಯಿಂದ ನೆನಪಿಟ್ಟುಕೊಂಡಿದ್ದಾರೆ! ಆದರೆ ಅದೇ ಮದ್‌ಹಬ್‌ನ ವಿದ್ವಾಂಸರು ಎರಡು ಮಾತುಗಳನ್ನು ಸೇರಿಸಿದ್ದಾರೆ. ನಿರ್ವಹಿಸುವ ದೃಢ ಸಂಕಲ್ಪ ಇರಲೇಬೇಕು. ಸಾಮರ್ಥ್ಯವಿದ್ದೂ ನಿರ್ವಹಿಸದೆ ಮರಣ ಹೊಂದಿದರೆ ಅವನು ಪಾಪಿಯಾಗುತ್ತಾನೆ. ಮಗಳ ಮದುವೆಯಾಗಲಿ, ಮನೆಯ ಮೇಲಿನ ಮಹಡಿ ಮುಗಿಯಲಿ ಎನ್ನುತ್ತಿರುವ ಎಷ್ಟೋ ಮಂದಿ ಇನ್ನೂ ಪಾಸ್‌ಪೋರ್ಟ್ ಸಹ ಮಾಡಿಸಿಲ್ಲ. ಇದನ್ನು ದೃಢ ಸಂಕಲ್ಪವೆಂದು ಕರೆಯಲು ಯಾವ ಮದ್‌ಹಬ್‌ನ ಕಿತಾಬ್ ತೆರೆಯಬೇಕೋ ನನಗೆ ತಿಳಿಯದು.

ಕೇಳಿದ ಮಾತನ್ನು ಎತ್ತಿಕೊಂಡು ಮನೆಗೆ ಹೋದವರು ನಮ್ಮ ಇತಿಹಾಸದಲ್ಲಿ ಏನೇನು ಮಾಡಿದರು ಎಂಬುದನ್ನೂ ನೋಡಬೇಕು. ಇಮಾಮ್ ಇಸ್‌ಹಾಕ್ ಬಿನ್ ರಾಹವೈಹಿಯವರ ಸಭೆಯಲ್ಲಿ, ಪ್ರವಾದಿ(ಸ)ರ ಸಹೀಹ್ ಹದೀಸ್‌ಗಳನ್ನು ಮಾತ್ರ ಒಳಗೊಂಡ ಸಂಕ್ಷಿಪ್ತ ಗ್ರಂಥವೊಂದನ್ನು ಯಾರಾದರೂ ಸಿದ್ಧಪಡಿಸಿದ್ದರೆ ಒಳ್ಳೆಯದಿತ್ತು ಎಂಬ ಮಾತು ಬಂತು. ಸಭೆಯಲ್ಲಿದ್ದವರೆಲ್ಲರ ಕಿವಿಗೂ ಅದು ಬಿದ್ದಿರಬೇಕು. ಒಬ್ಬ ಶಿಷ್ಯರ ಹೃದಯದಲ್ಲಿ ಅದು ನಾಟಿತು. ಅವರು 16 ವರ್ಷ ಅದರಲ್ಲೇ ತೊಡಗಿದರು. ಪ್ರತಿಯೊಂದು ಹದೀಸನ್ನು ಗ್ರಂಥದಲ್ಲಿ ಸೇರಿಸುವುದಕ್ಕೆ ಮುನ್ನ ಸ್ನಾನ ಮಾಡಿ ಎರಡು ರಕಅತ್ ನಮಾಝ್ ನಿರ್ವಹಿಸುತ್ತಿದ್ದರು. ಹಿಜ್ರಿ 256ರಲ್ಲಿ ನಿಧನರಾದ ಇಮಾಮ್ ಬುಖಾರಿಯವರ ಆ ಗ್ರಂಥ ಇಂದು ನಮ್ಮ ಪ್ರತಿ ಮದ್ರಸದ ಕಪಾಟಿನಲ್ಲಿದೆ.

ಹ. ಇಬ್ನು ಅಬ್ಬಾಸ್(ರ)ರದ್ದೂ ಇಂಥದೇ. ಪ್ರವಾದಿ(ಸ) ನಿಧನರಾದಾಗ ಅವರಿನ್ನೂ ಹದಿಹರೆಯದವರು. ಹಿರಿಯ ಸಹಾಬಿಗಳು ಇನ್ನೂ ಬದುಕಿರುವಾಗಲೇ ಅವರಿಂದ ಜ್ಞಾನ ಸಂಪಾದಿಸೋಣ ಬಾ ಎಂದು ಅನ್ಸಾರಿ ಗೆಳೆಯರೊಬ್ಬರನ್ನು ಕರೆದರು. ಇಷ್ಟೊಂದು ಹಿರಿಯರಿರುವಾಗ ಜನರಿಗೆ ನಿನ್ನ ಅಗತ್ಯ ಬೀಳುತ್ತದೆಯೇ ಎಂದು ಗೆಳೆಯ ಅಚ್ಚರಿಪಟ್ಟರು, ಬರಲಿಲ್ಲ. ಇಬ್ನು ಅಬ್ಬಾಸ್(ರ) ಒಬ್ಬರೇ ಹೊರಟರು. ಯಾರ ಬಳಿಯಾದರೂ ಒಂದು ಹದೀಸ್ ಇದೆಯೆಂದು ತಿಳಿದರೆ ಅವರ ಮನೆಗೆ ಹೋಗುತ್ತಿದ್ದರು. ಅವರು ಮಧ್ಯಾಹ್ನದ ವಿಶ್ರಾಂತಿಯಲ್ಲಿದ್ದರೆ ಬಾಗಿಲು ತಟ್ಟದೆ, ಹೊದಿಕೆಯನ್ನು ತಲೆಯಡಿಗಿಟ್ಟು ಹೊಸ್ತಿಲಲ್ಲೇ ಮಲಗುತ್ತಿದ್ದರು. ಗಾಳಿ ಮುಖಕ್ಕೆ ಧೂಳೆರಚುತ್ತಿತ್ತು. ವರ್ಷಗಳ ಬಳಿಕ ಜನರು ಅವರ ಸುತ್ತ ನೆರೆದು ಪ್ರಶ್ನೆ ಕೇಳುತ್ತಿರುವುದನ್ನು ಕಂಡ ಅದೇ ಗೆಳೆಯರು, ಈ ಯುವಕ ನನಗಿಂತ ಬುದ್ಧಿವಂತನಾಗಿದ್ದ ಎಂದರು.

ಇಂಥ ದೊಡ್ಡವರ ಉದಾಹರಣೆ ಕೇಳಿ ಕೈಚೆಲ್ಲಬೇಕಾಗಿಲ್ಲ. ಅಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿ(ಸ) ಕಲಿಸಿದ್ದಾರೆ. ತಜ್ವೀದ್ ಕಲಿಯಬೇಕೆಂದು ಮೊಬೈಲಿನಲ್ಲಿ ಐದಾರು ಆ್ಯಪ್ ಇಳಿಸಿಕೊಂಡವರಿಗಿಂತ, ನಾಳೆ ಫಜ್ರ್ ಬಳಿಕ ಇಮಾಮರ ಮುಂದೆ ಕುಳಿತು ಫಾತಿಹಾ ಒಪ್ಪಿಸುವ ನಲ್ವತ್ತೈದರ ವ್ಯಕ್ತಿ ಗುರಿಗೆ ಹತ್ತಿರವಿದ್ದಾನೆ. ನಾಚಿಕೆಯಾಗುತ್ತದೆ, ನಿಜ. ಪಕ್ಕದಲ್ಲಿ ಏಳು ವರ್ಷದ ಹುಡುಗ ಅದನ್ನೇ ಸರಾಗವಾಗಿ ಓದುತ್ತಿರುತ್ತಾನೆ. ಪ್ರವಾದಿ(ಸ) ಹೆಚ್ಚಾಗಿ ಮಾಡುತ್ತಿದ್ದ ಪ್ರಾರ್ಥನೆಯೊಂದರಲ್ಲಿ 'ಅಜ್ಝ್' ಮತ್ತು 'ಕಸಲ್' ಎಂಬ ಎರಡರಿಂದ ಅಭಯ ಬೇಡುತ್ತಿದ್ದರು. ಮೊದಲನೆಯದು ಶಕ್ತಿಯಿಲ್ಲದಿರುವುದು, ಎರಡನೆಯದು ಶಕ್ತಿಯಿದ್ದೂ ಮೈಬಗ್ಗದಿರುವುದು. ನಮ್ಮ ಹೆಚ್ಚಿನ ಕಾಯಿಲೆ ಎರಡನೆಯದು, ನಾವು ಹೇಳಿಕೊಳ್ಳುವುದು ಮೊದಲನೆಯದನ್ನು.

ಹ. ಅಬ್ದುಲ್ಲಾ ಬಿನ್ ಉಮರ್(ರ)ರ ಅಭ್ಯಾಸವೊಂದಿತ್ತು. ಅವರು ಯುವಕರಾಗಿದ್ದಾಗ, ಅಬ್ದುಲ್ಲಾ ಒಳ್ಳೆಯ ವ್ಯಕ್ತಿ, ರಾತ್ರಿಯಲ್ಲೂ ನಮಾಝ್ ಮಾಡುತ್ತಿದ್ದರೆ ಚೆನ್ನಾಗಿತ್ತು ಎಂದು ಪ್ರವಾದಿ(ಸ) ನುಡಿದ ಮಾತು ಅವರಿಗೆ ತಲುಪಿತು. ಅಂದಿನಿಂದ ಅವರು ರಾತ್ರಿ ಸ್ವಲ್ಪವೇ ನಿದ್ರಿಸುತ್ತಿದ್ದರು. ಮತ್ತೊಮ್ಮೆ ವಸಿಯ್ಯತ್‌ನ ಬಗ್ಗೆ ಕೇಳಿದರು. ವಸಿಯ್ಯತ್ ಮಾಡಬೇಕಾದ ಏನಾದರೂ ಇರುವ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದು ಎಂಬುದು ಪ್ರವಾದಿ(ಸ)ರ ಉಪದೇಶವಾಗಿತ್ತು. ಯಾರಿಗೆ ಎಷ್ಟು ಸಾಲ ಕೊಡಬೇಕು, ಯಾರ ಅಮಾನತು ತನ್ನ ಬಳಿಯಿದೆ ಎಂಬುದನ್ನು ಬರೆದಿಡಬೇಕೆಂದು ನಾವೂ ಹೇಳುತ್ತಿರುತ್ತೇವೆ, ವಿಶೇಷವಾಗಿ ಯಾರದಾದರೂ ಜನಾಝ ಮುಗಿಸಿ ಮರಳುವಾಗ. ಇಬ್ನು ಉಮರ್(ರ) ಹೇಳುವಂತೆ, ಆ ಮಾತನ್ನು ಕೇಳಿದಂದಿನಿಂದ ವಸಿಯ್ಯತ್ ತಮ್ಮ ಬಳಿ ಇಲ್ಲದೆ ಒಂದೇ ಒಂದು ರಾತ್ರಿಯೂ ಕಳೆದಿರಲಿಲ್ಲ.